ಹಿತ್ತಲಿನಲ್ಲಿ ಎರಡು ಗುಂಡು

ನಿವೃತ್ತನಾಗಿ ಶಾಸನಗಳ ಅಧ್ಯಯನಕ್ಕೆಂದು ತಿತಿಮತಿಗೆ ಒಂಟಿಯಾಗಿ ಬಾಡಿಗೆಗೆ ಬಂದ ಮೇಲೆ, ನಾನು ನೆಟ್ಟ ಗೆಣಸನ್ನೆಲ್ಲ ಹೆಗ್ಗಣಗಳು ತೋಡಿ ತಿನ್ನತೊಡಗಿದವು. ಗೋಣಿಕೊಪ್ಪಲಿನ ಅಂಗಡಿಯವರು ಹೋಲಿಸಿ ನೋಡಲೆಂದು ಎರಡು ಏರ್‌ಗನ್‌ ಕೊಟ್ಟರು: ನಳಿಗೆ ಮಡಚಿ ಬಿಗಿಯುವ ಸ್ಪ್ರಿಂಗಿನದೊಂದು, ಮೊದಲೇ ಗಾಳಿ ತುಂಬಿಟ್ಟದ್ದೊಂದು. ಹಿತ್ತಲಿನಲ್ಲಿ ತೆಂಗಿನ ಚಿಪ್ಪನ್ನಿಟ್ಟು, ಹಬ್ಬದ ಉತ್ಸಾಹದಿಂದ, ಒಂದರ ಬೆನ್ನಿಗೇ ಇನ್ನೊಂದನ್ನು ಹಾರಿಸಿದೆ. ಸ್ಪ್ರಿಂಗಿನದು ಹೆಗಲನ್ನು ಅದುರಿಸಿ ಗುರಿ ತಪ್ಪಿತು. ಗಾಳಿಯದು ಢಮ್ಮೆಂದು ಚಿಪ್ಪನ್ನು ಸೀಳಿತು.

ನೆರೆಮನೆಯ ಬೋಪಣ್ಣನವರು ಸೂತಕದ ಮುಖ ಹೊತ್ತು ಓಡಿ ಬಂದರು.

“ಮೇಷ್ಟ್ರೇ, ನೀವು ಇದ್ದೀರಾ? ಮತ್ತೆ ಹೋದದ್ದು ಯಾರು?”

“ಯಾರೂ ಇಲ್ಲ. ಹೆಗ್ಗಣಕ್ಕೆ ಕೋವಿ ಆರಿಸುತ್ತಿದ್ದೆ.”

“ನಮ್ಮಲ್ಲಿ ಬೆನ್ನುಬೆನ್ನಿಗೆ ಎರಡು ಗುಂಡು ಅಂದ್ರೆ ಸಾವಿನ ಸುದ್ದಿ. ಒಂದೇ ಆದ್ರೆ ಗಂಡುಮಗು.”

ಗಾಳಿಯದನ್ನೇ ಕೊಂಡೆ. ಗುರಿ ತಪ್ಪಿದರೂ ಎರಡನೆಯ ಗುಂಡು ಹಾರಿಸುವುದಿಲ್ಲ. ಹೀಗಾಗಿ ಊರಿನ ಲೆಕ್ಕದಲ್ಲಿ ನನಗೆ ಈ ಇಳಿವಯಸ್ಸಿನಲ್ಲಿ ಗಂಡುಮಕ್ಕಳು ಹುಟ್ಟುತ್ತಲೇ ಇದ್ದಾರೆ.