ಹಡಗು ತಿರುಗಿಸಿದ ದಿನ

ಕದ್ರಿಯ ನನ್ನ ಫ್ಲ್ಯಾಟಿಗೆ ಬರುವವರು ಯುದ್ಧದ ಬಗ್ಗೆ ಕೇಳುತ್ತಾರೆ. ಹೇಳುವಂಥದ್ದು ಹೆಚ್ಚೇನೂ ಇಲ್ಲ ಎಂದರೆ ವಿನಯ ಎಂದುಕೊಳ್ಳುತ್ತಾರೆ. ನಿಜಕ್ಕೂ ಇಲ್ಲ. ಆಗ ನಾನು ನೌಕಾಪಡೆಗೆ ಸೇರಿ ಎರಡು ವರ್ಷವಾಗಿದ್ದ ಕಿರಿಯ ಅಧಿಕಾರಿ. ನಮ್ಮ ಹಡಗು ಹದಿನೈದು ದಿನ ಶತ್ರುವಿನ ಜಲಾಂತರ್ಗಾಮಿಯನ್ನು ಹುಡುಕುತ್ತ ಅರಬ್ಬಿ ಸಮುದ್ರದಲ್ಲಿ ಅಲೆಯಿತು. ನಾಲ್ಕು ಗಂಟೆ ಕಾವಲು, ನಾಲ್ಕು ಗಂಟೆ ಬಿಡುವು. ಆ ಬಿಡುವಿನಲ್ಲೂ ಯಾರಿಗೂ ಸರಿಯಾಗಿ ಕಣ್ಣು ಮುಚ್ಚುತ್ತಿರಲಿಲ್ಲ. ನೀರಿನಡಿಯ ಸದ್ದು ಹಿಡಿಯುವ ಯಂತ್ರದಲ್ಲಿ ಏನಾದರೂ ಕೇಳಿಸಿದರೆ ಎಲ್ಲರೂ ಎದ್ದು ಓಡುವುದು, ಕೊನೆಗೆ ಅದು ಮೀನಿನ ಹಿಂಡು ಎಂದು ತಿಳಿಯುವುದು, ಇಷ್ಟೇ. ಯುದ್ಧ ಮುಗಿಯಿತೆಂದು ತಿಳಿದಾಗ ಯಾರೂ ಕೂಗಾಡಲಿಲ್ಲ. ಕುಳಿತವರು ಕುಳಿತಲ್ಲೇ ನಿದ್ದೆ ಹೋದರು.

ಆಮೇಲೆ ರಜೆಯಲ್ಲಿ ಊರಿಗೆ ಬಂದಾಗ ರೈಲು ನಿಲ್ದಾಣಕ್ಕೆ ಭಾವ ಬಂದಿದ್ದರು. ನನ್ನ ಅಕ್ಕನ ಗಂಡ. ನಮ್ಮದು ತಲೆಮಾರುಗಳಿಂದ ಮೀನು ಹಿಡಿಯಲು ಕಡಲಿಗೆ ಹೋಗುವ ಕುಟುಂಬ, ಭಾವನದೂ ಅದೇ ಕೆಲಸ. ಅಪ್ಪ ಬೇಗ ತೀರಿಕೊಂಡದ್ದರಿಂದ ನನ್ನನ್ನು ಓದಿಸಿದವರು ಭಾವನೇ. ನೌಕಾಪಡೆಯ ಅರ್ಜಿಗೆ ಫೋಟೊ ತೆಗೆಸಲು ನನ್ನ ಬಳಿ ಒಳ್ಳೆಯ ಅಂಗಿ ಇರಲಿಲ್ಲ. ಅವರ ಮದುವೆಯ ಅಂಗಿ ಹಾಕಿಕೊಂಡು ತೆಗೆಸಿದ್ದೆ. ಅವರು ನನ್ನ ಟ್ರಂಕು ಹೆಗಲಿಗೇರಿಸಿಕೊಂಡು ಕೇಳಿದರು.

"ಎಷ್ಟು ಗುಂಡು ಹೊಡೆದಿ?"

"ಒಂದೂ ಇಲ್ಲ ಭಾವ."

"ಮತ್ತೆ ಅಷ್ಟು ದಿವಸ ಎಂತ ಮಾಡಿದ್ದು?"

"ಹುಡುಕಿದ್ದು. ಕಾದದ್ದು."

"ಅದು ನಾವು ದಿನಾ ಮಾಡ್ತೇವಲ್ಲ ಮಾರಾಯ!" ಎಂದು ದಾರಿಯುದ್ದಕ್ಕೂ ನಕ್ಕರು.

ಶಾಂತಿಕಾಲ ಬಹಳ ಉದ್ದವಾಗಿತ್ತು. ಯುದ್ಧಕ್ಕಿಂತ ನನ್ನನ್ನು ದಣಿಸಿದ್ದು ಅದೇ. ಎರಡು ವರ್ಷಕ್ಕೊಮ್ಮೆ ವರ್ಗ, ಕಡತಗಳು, ತಪಾಸಣೆ, ತುಕ್ಕು ಕೆರೆಸಿ ಬಣ್ಣ ಬಳಿಸುವುದು, ಬಣ್ಣದ ಮೇಲೆ ಮತ್ತೆ ತುಕ್ಕು. ಹೆಂಡತಿ ಮನೆಯ ಸಾಮಾನನ್ನು ಪೆಟ್ಟಿಗೆಯಿಂದ ಪೂರ್ತಿ ತೆಗೆಯುವುದನ್ನೇ ಬಿಟ್ಟಿದ್ದಳು. ನಲವತ್ತು ದಾಟಿದ ಮೇಲೆ ಪಶ್ಚಿಮ ಕರಾವಳಿಯ ಒಂದು ಹಡಗು ನನ್ನ ಕೈಗೆ ಬಂತು.

ಆ ವರ್ಷ ಮಳೆಗಾಲ ಮುಗಿದು ಬೋಟುಗಳು ಕಡಲಿಗಿಳಿದ ಮೇಲೆ ದೊಡ್ಡ ಚಂಡಮಾರುತ ಎದ್ದಿತು. ಮಂಗಳೂರಿನ ಮೀನುಗಾರಿಕೆ ದಕ್ಕೆಯಿಂದ ಹೊರಟಿದ್ದ ಒಂದು ಬೋಟು ಮರಳಲಿಲ್ಲ. ಹುಡುಕಲು ನಮ್ಮ ಹಡಗಿಗೆ ಆದೇಶ ಬಂತು. ಜೊತೆಗೆ ಬೋಟಿನಲ್ಲಿದ್ದ ಏಳು ಜನರ ಪಟ್ಟಿಯೂ ಬಂತು. ಮೊದಲ ಹೆಸರು ಬೋಟು ನಡೆಸುವ ತಂಡೇಲನದು. ಅದು ಭಾವನ ಹೆಸರು.

ಹಡಗಿನಲ್ಲಿ ಯಾರಿಗೂ ಹೇಳಲಿಲ್ಲ. ಗದ್ದೆ ಉಳುವ ಹಾಗೆ ಕಡಲನ್ನು ಗೆರೆಗೆರೆಯಾಗಿ ಹುಡುಕುತ್ತ ಹೋದೆವು. ಎರಡನೆಯ ದಿನ ಒಂದು ಮಂಜುಗಡ್ಡೆಯ ಪೆಟ್ಟಿಗೆ ಸಿಕ್ಕಿತು, ಖಾಲಿ. ಮೂರನೆಯ ದಿನ ಏನೂ ಇಲ್ಲ. ನಾನು ಇನ್ನೊಂದು ದಿನ ಕೇಳಿದೆ, ಕೊಟ್ಟರು. ನಾಲ್ಕನೆಯ ದಿನ ಮಧ್ಯಾಹ್ನ ಸಂದೇಶ ಬಂತು. ಉತ್ತರಕ್ಕೆ ಒಂದು ಸರಕು ಹಡಗು ಮುಳುಗುತ್ತಿದೆ, ಅದರಲ್ಲಿ ಇಪ್ಪತ್ತೆರಡು ಜನ ಜೀವಂತ ಇದ್ದಾರೆ, ಹತ್ತಿರದಲ್ಲಿರುವುದು ನಿಮ್ಮ ಹಡಗು ಮಾತ್ರ. ನಾವು ಹುಡುಕದೆ ಉಳಿದದ್ದು ಇನ್ನು ಮೂರು ಗೆರೆ. ನಾನು ಹಡಗು ತಿರುಗಿಸಲು ಹೇಳಿದೆ.

ಇಪ್ಪತ್ತೆರಡು ಜನರೂ ಬದುಕಿದರು. ನನಗೆ ಪ್ರಶಂಸಾಪತ್ರ ಬಂತು, ಪೇಪರಿನಲ್ಲಿ ಫೋಟೊ ಬಂತು. ಉಳಿದ ಮೂರು ಗೆರೆ ಹುಡುಕಲು ಮತ್ತೆ ಆದೇಶ ಬರಲಿಲ್ಲ. ಏಳು ಜನರ ಸುಳಿವು ಕೊನೆಗೂ ಸಿಗಲಿಲ್ಲ.

ತಿಂಗಳ ನಂತರ ಅಕ್ಕನ ಮನೆಗೆ ಹೋದೆ. ಅವಳು ಅಂಗಳದಲ್ಲಿ ನಿಂತಿದ್ದಳು, ಒಳಗೆ ಕರೆಯಲಿಲ್ಲ.

"ಯುದ್ಧದಲ್ಲಿ ವೈರಿಯನ್ನು ಹುಡುಕ್ಲಿಕ್ಕೆ ಹದಿನೈದು ದಿವಸ ಇತ್ತು ನಿನಗೆ. ಇವರಿಗೆ ನಾಲ್ಕೇ ದಿವಸವಾ?" ಎಂದಳು.

ಆ ಸಂದೇಶದ ವಿಷಯ ಹೇಳಿದೆ. ಕೇಳಿಸಿಕೊಂಡು ಒಳಗೆ ಹೋದಳು. ಆಮೇಲೆ ಏಳು ವರ್ಷ ನನ್ನ ಜೊತೆ ಮಾತಾಡಲಿಲ್ಲ. ಆ ಏಳು ವರ್ಷವೂ ಕೈಯ ಬಳೆ, ಹಣೆಯ ಕುಂಕುಮ ತೆಗೆಯಲಿಲ್ಲ ಎಂದು ಅಮ್ಮ ಕಾಗದ ಬರೆಸಿದ್ದರು. ಏಳು ವರ್ಷ ಸುಳಿವಿಲ್ಲದವರನ್ನು ಕಾನೂನು ಸತ್ತವರೆಂದು ಎಣಿಸುತ್ತದೆ; ಕೊನೆಗೆ ಭಾವನ ಮರಣ ಪ್ರಮಾಣಪತ್ರಕ್ಕೆ ಹುಡುಕಾಟದ ವಿವರ ಬೇಕಾಯಿತು. ಹುಡುಕಿದೆವು, ಸಿಗಲಿಲ್ಲ ಎಂದು ಬರೆದು ಸಹಿ ಹಾಕಿ ಕಳಿಸಿದವನು ನಾನೇ. ಅಕ್ಕನ ಬಳೆ ತೆಗೆಸಿದ್ದು ಆ ಕಾಗದ.

ನಂತರ ಮಾತು ಮತ್ತೆ ಶುರುವಾಯಿತು. ಅಮ್ಮನ ಕಾಯಿಲೆ, ಅಕ್ಕನ ಮೊಮ್ಮಕ್ಕಳ ಮದುವೆ, ಮೀನಿನ ರೇಟು. ಆ ಒಂದು ವಿಷಯ ಮಾತ್ರ ಇಬ್ಬರೂ ಎತ್ತಲಿಲ್ಲ. ನಾನು ನಿವೃತ್ತನಾಗಿ ಇಲ್ಲಿ ನೆಲೆಸಿದ ಮೇಲೂ ಎತ್ತಲಿಲ್ಲ.

ಹೋದ ತಿಂಗಳು ಅಕ್ಕನ ಕಣ್ಣಿನ ಪೊರೆ ತೆಗೆಸಿ, ಕೂಳೂರಿನಲ್ಲಿರುವ ಅವಳ ಮಗನ ಮನೆಗೆ ಬಿಡಲು ಕಾರಿನಲ್ಲಿ ಹೊರಟಿದ್ದೆ. ನಂತೂರಿನಲ್ಲಿ ಲಾರಿಗಳ ನಡುವೆ ಸಿಕ್ಕಿಕೊಂಡೆವು. ಹಿಂದಿನ ಬಸ್ಸಿನವನು ಹಾರ್ನ್ ಬಿಡುತ್ತಲೇ ಇದ್ದ. ಎಂಬತ್ತು ದಾಟಿದ ಅಕ್ಕ, ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಮುಂದೆ ನೋಡುತ್ತ ಕುಳಿತಿದ್ದವಳು, ಇದ್ದಕ್ಕಿದ್ದಂತೆ ಕೇಳಿದಳು.

"ಒಂದು ಕೇಳ್ತೇನೆ, ಸತ್ಯ ಹೇಳ್ಬೇಕು. ಆ ದಿವಸ ಹಡಗು ತಿರುಗಿಸುವಾಗ ಇವರು ಬದುಕಿದ್ದಾರೆ ಅಂತ ನಿನಗೆ ಅನಿಸಿತ್ತಾ?"

ಬೋಟು ಕಾಣೆಯಾದದ್ದರ ತನಿಖೆ ನಡೆಸಿದವರಿಗೆ, ಪತ್ರಿಕೆಯವರಿಗೆ, ಹೆಂಡತಿಗೆ ಕೂಡ ನಾನು ಇಲ್ಲವೆಂದೇ ಹೇಳಿದ್ದೆ. ನಾಲ್ಕು ದಿನದ ಮೇಲೆ ಆ ನೀರಿನಲ್ಲಿ ಯಾರೂ ಉಳಿಯುವುದಿಲ್ಲ ಎಂದು ಲೆಕ್ಕ ಸಮೇತ ವಿವರಿಸಿದ್ದೆ. ಆ ವಿವರಣೆ ನಾಲಿಗೆಯ ತುದಿಗೆ ಬಂತು. ಆದರೆ ಅದನ್ನು ಮತ್ತೊಮ್ಮೆ ಹೇಳುವಷ್ಟು ತ್ರಾಣ ನನ್ನಲ್ಲಿರಲಿಲ್ಲ.

"ಅನಿಸಿತ್ತು ಅಕ್ಕ" ಎಂದೆ.

ಬೈಯುತ್ತಾಳೆ, ಇಲ್ಲವೇ ಅಳುತ್ತಾಳೆ ಎಂದುಕೊಂಡೆ. ಲಾರಿ ಮುಂದೆ ಸರಿಯಿತು, ನಾನೂ ಸರಿದೆ.

"ನನಗೂ ಹಾಗೇ ಅನಿಸ್ತಾ ಇತ್ತು" ಎಂದಳು. "ಇವಳಿಗೆ ತಲೆ ಸರಿ ಇಲ್ಲ ಅಂತ ಎಲ್ಲರೂ ಹೇಳಿದ್ರು. ನನಗೊಬ್ಬಳಿಗೇ ಅಲ್ಲ ಅಂತಾಯ್ತಲ್ಲ. ಸಾಕು."

"ಆ ಇಪ್ಪತ್ತೆರಡು ಜನ..." ಎಂದು ನಾನು ಶುರು ಮಾಡಿದೆ.

"ಅದು ಗೊತ್ತುಂಟು. ಅವರಿಗೂ ಮನೆಯಲ್ಲಿ ಹೆಂಗಸರು ಇರ್ತಾರೆ. ನೀನು ರಸ್ತೆ ನೋಡಿ ಓಡಿಸು."

ಕೂಳೂರು ತಲುಪಿದಾಗ ಮಧ್ಯಾಹ್ನ ಎರಡು ಗಂಟೆ ದಾಟಿತ್ತು. ಅವಳ ಸೊಸೆ ಬಂಗುಡೆ ಸಾರು ಮಾಡಿಟ್ಟಿದ್ದಳು. ಅಕ್ಕ ನನ್ನ ಬಟ್ಟಲಿಗೆ ಮೀನಿನ ನಡುವಿನ ತುಂಡು ಹಾಕಿಸಿದಳು. ಎಷ್ಟೋ ವರ್ಷಗಳಿಂದ ಹಾಗೆ ಹಾಕಿಸಿರಲಿಲ್ಲ. ಉಂಡು ಕೈತೊಳೆದ ಮೇಲೆ ಹೊರಡಲು ಮನಸ್ಸಾಗಲಿಲ್ಲ. ಅಲ್ಲೇ ಜಗಲಿಯ ಬೆಂಚಿನ ಮೇಲೆ ಕಾಲು ಚಾಚಿ ಮಲಗಿದೆ. ಎದ್ದಾಗ ಸಂಜೆಯಾಗಿತ್ತು, ಯಾರೋ ನನಗೆ ಹೊದಿಕೆ ಹೊದಿಸಿದ್ದರು.