ಎಡಗೈಲೆ ಕೊಟ್ಟದ್ದು

ನನಗೆ ಸಿಟ್ಟು ಬೇಗ ಬರುತ್ತದೆ, ಬೇಗ ಹೋಗುವುದಿಲ್ಲ. 2004ರಲ್ಲಿ ಲಾಸ್ ಏಂಜಲೀಸ್‌ನ ಒಂದು ಆಸ್ಪತ್ರೆಯಲ್ಲಿ ನನ್ನ ಕೈ ಪರೀಕ್ಷೆ ಮಾಡಿದ ಹುಡುಗಿಯ ಮೇಲೆ ಬಂದದ್ದಂತೂ ಇನ್ನೂ ಪೂರ್ತಿ ಇಳಿದಿಲ್ಲ.

ಅದಕ್ಕೂ ನಾಲ್ಕು ತಿಂಗಳ ಹಿಂದೆ ಸ್ಯಾನ್ ಡಿಯೆಗೊದ ರ್ಯಾಂಚೊ ಪೆನಾಸ್ಕಿಟೋಸ್‌ನ ನಮ್ಮ ಮನೆಯಲ್ಲಿ ನಿಂತ ನಿಂತಲ್ಲೇ ನನಗೆ ಲಕ್ವಾ ಹೊಡೆದಿತ್ತು. ಮಾತು ಉಳಿಯಿತು, ಕಾಲು ಸರಿಹೋಯಿತು, ಎಡಗೈ ಮಾತ್ರ ಮುದುಡಿಕೊಂಡು ಕೂತಿತು. ಕೈ ಸುಧಾರಿಸುತ್ತಿದೆ ಎಂದು ಆ ಹುಡುಗಿ ಬರೆದುಕೊಟ್ಟರೆ ಥೆರಪಿ ಮುಂದುವರಿಯುತ್ತಿತ್ತು. ಇಲ್ಲದಿದ್ದರೆ ಬಂದ್, ನಾನು ಸಾಯುವತನಕ ಕೈ ಹಾಗೆಯೇ.

ಮೊದಲು ಮರದ ತುಂಡು, ಗೋಲಿ ಮುಂದಿಟ್ಟಳು. ಅವನ್ನು ಎಡಗೈಯಿಂದ ಹೇಗೋ ಮೇಜಿನ ಮೇಲೆ ತಳ್ಳಿದೆ. ಆಮೇಲೆ ಪರೀಕ್ಷೆ ಮುಗಿಯಿತೆಂಬಂತೆ ನಗುನಗುತ್ತ ಮಾತಿಗೆ ಕೂತಳು. ಆ ಫೈಲು ಕೊಡಿ ಎಂದಳು, ಕೊಟ್ಟೆ. ಪೆನ್ನು ಕೊಡಿ ಎಂದಳು, ಕೊಟ್ಟೆ. ನೀರಿನ ಲೋಟ ಈಚೆ ಕೊಡಿ ಎಂದಳು, ಅದನ್ನೂ ಕೊಟ್ಟೆ. ಎಲ್ಲವನ್ನೂ ಬಲಗೈಯಲ್ಲೇ ಕೊಟ್ಟೆ. ಎಡಗೈ ಸೆರಗಿನ ಕೆಳಗಿತ್ತು. ಕೊನೆಗೆ ಹೇಳಿದಳು, ನಿಜವಾದ ಪರೀಕ್ಷೆ ಇದೇ ಅಂತೆ! ಹೇಳದೆ ಕೇಳದೆ ನೋಡಿದರೆ ಎಡಗೈ ತಾನಾಗಿ ಬರುತ್ತದೋ ಇಲ್ಲವೋ ತಿಳಿಯುತ್ತದಂತೆ. "ನಿಮಗೆ ಆ ಕೈ ಇರುವುದೇ ಮರೆತಿದೆ" ಎಂದವಳೇ ಕೈ ನಡೆಯುತ್ತಿಲ್ಲ ಎಂದು ಬರೆದುಬಿಟ್ಟಳು. ಥೆರಪಿ ನಿಂತಿತು. ಮೂರು ತಿಂಗಳ ಮೇಲೆ ಇನ್ನೊಂದೇ ಪರೀಕ್ಷೆ.

ಕಾರಿನಲ್ಲಿ ಮಗಳ ಮುಂದೆ ಕೂಗಾಡಿದೆ. "ಎಡಗೈಲೆ ಯಾರಿಗರ ಏನರ ಕೊಡ್ತಾರನ? ನನ್ನ ಹಡದಾಕಿ ಹಂಗ ಕಲಿಸಿಲ್ಲ. ಮರ್ಯಾದಿ ಕೊಟ್ಟಿದ್ದಕ್ಕ ನನಗ ಫೇಲ್ ಮಾಡಿದ್ಲು, ಕಳ್ಳಿ!"

"ಮಾಮ್, ಶಿ ಡಸಂಟ್ ನೋ ದಟ್," ಎಂದಳು ಇಲ್ಲೇ ಹುಟ್ಟಿದ ನನ್ನ ಮಗಳು.

ಗೊತ್ತಾಗುವ ಹಾಗೆ ಮಾಡುತ್ತೇನೆ ಎಂದುಕೊಂಡೆ. ಮರುದಿನವೇ ಬುಟ್ಟಿ ತುಂಬ ಶೇಂಗಾ ಇಟ್ಟುಕೊಂಡು ಎಡಗೈಯಲ್ಲಿ ಸುಲಿಯತೊಡಗಿದೆ. ಮೊದಲ ವಾರ ಒಂದು ಸಿಪ್ಪೆಯೂ ಒಡೆಯಲಿಲ್ಲ. ಹಲ್ಲು ಕಚ್ಚಿ, ಬೆವೆತು, ಅವಳನ್ನು ಬೈಯುತ್ತ ಒತ್ತಿದೆ.

ಒಂದು ದಿನ ನಮ್ಮ ಯಜಮಾನರು ಎದುರಿಗೆ ಬಂದು ಕೂತರು. "ಶೇಂಗಾ ಸುಲಿಯಾಕತ್ತೀಯೋ, ಯಾರದರ ಕುತ್ತಿಗಿ ಮುರಿಯಾಕತ್ತೀಯೋ?"

"ಆಕೀದನ ರೀ."

"ಹಾವಿನ ದ್ವೇಷ ಹನ್ನೆರಡು ವರ್ಷ ಅಂತಾರ. ನಿಂದು ಎಷ್ಟಲೇ?"

"ಆಕಿ ಕೈಯಾಗ ಎಡಗೈಲೆ ಕೊಡೂತನಕ."

ಆ ಮೂರು ತಿಂಗಳಲ್ಲಿ ನಮ್ಮ ಮನೆಯಲ್ಲಿ ತಿಂದಷ್ಟು ಶೇಂಗಾ ಚಟ್ನಿಪುಡಿ ಯಾರೂ ತಿಂದಿರಲಿಕ್ಕಿಲ್ಲ.

ಎರಡನೇ ಸಲ ಹೋದಾಗ ಹುಡುಗಿ ಫೈಲು ಕೇಳಿದಳು. ಎಡಗೈಯಲ್ಲಿ ಎತ್ತಿ, ಅವಳ ಮುಖದ ನೇರಕ್ಕೇ ಚಾಚಿದೆ. ತಗೋ! "ಬ್ಯೂಟಿಫುಲ್!" ಎಂದಳು. ಪೆನ್ನನ್ನೂ ಎಡಗೈಯಲ್ಲೇ ಕೊಟ್ಟೆ. ನೀರಿನ ಲೋಟ ಕೊಡುವಾಗ ಸ್ವಲ್ಪ ಅವಳ ತೋಳಿನ ಮೇಲೆ ಚೆಲ್ಲಿತು. ಅವಳು ಚಪ್ಪಾಳೆ ತಟ್ಟಿದಳು. ನಾನು ಅವಮಾನ ಮಾಡಿದಷ್ಟೂ ಅವಳಿಗೆ ಖುಷಿ! ಥೆರಪಿ ಮತ್ತೆ ಶುರುಮಾಡಿ ಎಂದು ಸಂತೋಷದಿಂದ ಬರೆದು ಸಹಿ ಹಾಕಿದಳು.

ನನಗೆ ಬೇಕಾದದ್ದು ಸಿಕ್ಕಿತ್ತು. ಬಾಯಿ ಮುಚ್ಚಿಕೊಂಡು ಏಳಬಹುದಿತ್ತು. ಆದರೆ ತಾಗದ ಪೆಟ್ಟು ಯಾತಕ್ಕೆ? ನನಗೆ ಬರುವಷ್ಟು ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದೆ. ನಮ್ಮ ಕಡೆ ಎಡಗೈ ಇರುವುದು ಕುಂಡಿ ತೊಳೆಯುವುದಕ್ಕೆ. ಆ ಕೈಯಲ್ಲಿ ಏನಾದರೂ ಕೊಟ್ಟರೆ ಎದುರಿನವರಿಗೆ ಕಿಮ್ಮತ್ತಿಲ್ಲ ಎಂದರ್ಥ. ಹೋದ ಸಲ ನಿನಗೆ ಮರ್ಯಾದೆ ಕೊಟ್ಟಿದ್ದೆ, ಈ ಸಲ ಕೊಟ್ಟಿಲ್ಲ.

"ಮಾಮ್!" ಎಂದು ಪಕ್ಕದಲ್ಲಿ ಕೂತಿದ್ದ ಮಗಳು ನೆಲ ನೋಡಿದಳು.

ಹುಡುಗಿಯ ಮುಖ ಕಿವಿಯವರೆಗೂ ಕೆಂಪಾಯಿತು. ಮೆಲ್ಲಗೆ ಕೇಳಿದಳು: "ಹಾಗಾದರೆ ಹೋದ ಸಲವೂ ನಿಮ್ಮಿಂದ ಆಗುತ್ತಿತ್ತೇ? ನನ್ನ ತಪ್ಪಿನಿಂದ ನಿಮ್ಮ ಮೂರು ತಿಂಗಳ ಥೆರಪಿ ಹೋಯಿತೇ?"

ಹೌದು ಎಂದು ತಲೆಯಾಡಿಸಿದೆ. ಅವಳ ಕಣ್ಣಲ್ಲಿ ನೀರು ಬಂತು. ಎರಡು ಸಲ ಕ್ಷಮೆ ಕೇಳಿದಳು. ಇನ್ನು ಮುಂದೆ ಇಂಡಿಯಾದವರು ಬಂದರೆ ಮೊದಲೇ ಕೇಳುತ್ತೇನೆ ಎಂದಳು.

ನಿಜ ಹೇಳಬೇಕೆಂದರೆ, ಆ ಮೊದಲ ದಿನ ಮರ್ಯಾದೆ ಮರೆತು ಕೊಡಲು ಹೋಗಿದ್ದರೂ ಆ ಕೈ ಮೇಲೇಳುತ್ತಿರಲಿಲ್ಲ. ಫೈಲು ಹಾಗಿರಲಿ, ಒಂದು ಕಾಗದವನ್ನೂ ಎತ್ತುತ್ತಿರಲಿಲ್ಲ. ಕೈ ನಡೆಯುತ್ತಿಲ್ಲ ಎಂದು ಅವಳು ಬರೆದದ್ದು ಸರಿಯಾಗಿಯೇ ಇತ್ತು. ಅದು ನನಗೆ ಗೊತ್ತಿತ್ತು. ಹೇಳಲಿಲ್ಲ. ಅಳಲಿ ಎಂದು ಬಿಟ್ಟೆ.