ದೇವರ ಪೆಟ್ಟಿಗೆಯ ನಾಲ್ಕು ಬೋಲ್ಟು

ಮೊದಲು ನನ್ನ ಕಣ್ಣಿಗೆ ಬಿದ್ದದ್ದು ಮರಳು. ಒಗೆಯುವ ಮುಂಚೆ ಎಲ್ಲರ ಬಟ್ಟೆಯ ಜೇಬು ತಿರುವಿ ನೋಡುವುದು ನನ್ನ ಹಳೆಯ ರೂಢಿ. ಅವತ್ತು ಸೋಮವಾರ. ನಿಮ್ಮ ಅಪ್ಪನ ಪ್ಯಾಂಟಿನ ಜೇಬಿನಿಂದ ಒಂದು ಹಿಡಿ ಸಣ್ಣ ಬಿಳಿ ಮರಳು ಬಚ್ಚಲಿನ ಕಲ್ಲಿನ ಮೇಲೆ ಸುರಿಯಿತು. ನಮ್ಮ ಕಾಶಿಯ ಕೇದಾರ ಘಾಟಿನಲ್ಲಿ ಕಲ್ಲಿನ ಮೆಟ್ಟಿಲಿದೆ, ಪ್ರವಾಹ ಇಳಿದ ಮೇಲೆ ಮೊಳಕಾಲುದ್ದ ಕೆಸರಿರುತ್ತದೆ, ಮರಳು ಮಾತ್ರ ಇಲ್ಲ. ಮರಳಿರುವುದು ನದಿಯ ಆಚೆ ದಡದಲ್ಲಿ.

ನೀರು ಸುರಿದು ತೊಳೆದುಬಿಟ್ಟೆ. ಏನೂ ಕೇಳಲಿಲ್ಲ. ಮುಂದಿನ ಸೋಮವಾರ ನಿಮ್ಮ ಅಮ್ಮನ ಚೂಡಿದಾರದ ಅಂಚಿನಲ್ಲಿ ಮರಳಿತ್ತು. ಅದರ ಮುಂದಿನ ವಾರ, ದೊಡ್ಡವಳೇ, ನಿನ್ನ ಕಾಲುಚೀಲದಲ್ಲಿ.

ಇದನ್ನು ಮೊಮ್ಮಕ್ಕಳಾದ ನಿಮ್ಮಿಬ್ಬರಿಗಾಗಿ ಬರೆಯುತ್ತಿದ್ದೇನೆ. ನೀವು ಮನೆಯಲ್ಲೂ ಹಿಂದಿಯಲ್ಲೇ ಜಗಳವಾಡುವವರು. ಕನ್ನಡ ಅಕ್ಷರ ಕಲಿಸಿದವಳು ನಾನು, ಓದುವುದಕ್ಕೂ ನಾನೇ ಏನಾದರೂ ಕೊಡಬೇಕಲ್ಲ. ನಾನು ಓದಿದ್ದು ನಂಜನಗೂಡಿನ ಹತ್ತಿರದ ಹಳ್ಳಿಯ ಶಾಲೆಯಲ್ಲಿ, ಏಳನೇ ತರಗತಿಯವರೆಗೆ. ಉತ್ತರ ಗೊತ್ತಿದ್ದರೂ ಅಲ್ಲಿ ಕೈ ಎತ್ತುತ್ತಿರಲಿಲ್ಲ. ಮದುವೆಯಾಗಿ ಈ ಊರಿಗೆ ಬಂದ ಮೇಲೂ ಹಾಗೆಯೇ. ನಮ್ಮ ಕಡೆಯ ಯಾತ್ರಿಕರಿಗೆ ಶ್ರಾದ್ಧ, ಅಸ್ಥಿ ವಿಸರ್ಜನೆ ಮಾಡಿಸುವುದು ನಿಮ್ಮ ತಾತನ ಕೆಲಸವಾಗಿತ್ತು, ಈಗ ನಿಮ್ಮ ಅಪ್ಪನದು. ಮನೆಗೆ ಯಾರು ಯಾರೋ ಬರುತ್ತಿದ್ದರು. ಎಷ್ಟು ಎಲೆ ಹಾಕಬೇಕೆಂದು ನಾನು ಯಾರನ್ನೂ ಕೇಳುತ್ತಿರಲಿಲ್ಲ, ಅಡುಗೆಮನೆಯ ಬಾಗಿಲ ಸಂದಿಯಿಂದ ಚಪ್ಪಲಿ ಎಣಿಸುತ್ತಿದ್ದೆ.

ತಾತನಿಗೆ ಅರವತ್ತು ತುಂಬಿದಾಗ ನಾವಿಬ್ಬರೂ ಕ್ಷೇತ್ರವಾಸದ ಸಂಕಲ್ಪ ಮಾಡಿದೆವು. ಉಸಿರಿರುವವರೆಗೆ ಕಾಶಿಯ ಎಲ್ಲೆ ದಾಟುವುದಿಲ್ಲ ಎಂದು. ಗಂಗೆಯ ಆಚೆ ದಡ ಕಾಶಿಯಲ್ಲ. ಅಲ್ಲಿ ಸತ್ತವರು ಕತ್ತೆಯಾಗಿ ಹುಟ್ಟುತ್ತಾರೆ ಎಂದು ಇಲ್ಲಿಯ ದೋಣಿಯವರು ನಗುತ್ತಾ ಹೇಳುತ್ತಾರೆ. ನಾನು ನಗುವುದಿಲ್ಲ. ನಡುಹೊಳೆಯವರೆಗೆ ದೋಣಿಯಲ್ಲಿ ಹೋಗಬಹುದು, ಆಚೆಯ ಮರಳಿಗೆ ಕಾಲಿಡಬಾರದು ಎಂದು ತಾತ ನನಗೆ ಬಿಡಿಸಿ ಹೇಳಿದ್ದರು. ಅವರು ಹೋಗಿ ನಾಲ್ಕು ವರ್ಷವಾಯಿತು. ಇದೇ ಮನೆಯಲ್ಲಿ, ಇದೇ ದಡದಲ್ಲಿ ಹೋದರು. ನನಗೂ ಬೇಕಾಗಿರುವುದು ಅಷ್ಟೇ.

ಆದ್ದರಿಂದ ಮರಳು ಕಂಡಾಗ ನನಗೆ ಬೇರೆ ಯೋಚನೆ ಬರಲಿಲ್ಲ. ಆ ಮರಳು ದಾಟಿದರೆ ಅತ್ತ ಕಡೆ ಹೊಸ ಕಟ್ಟಡಗಳು ಏಳುತ್ತಿವೆ, ಲಿಫ್ಟ್ ಇದೆ, ಮನೆ ಬಾಗಿಲಿಗೇ ಆಟೋ ಬರುತ್ತದೆ ಎಂದು ಗಲ್ಲಿಯಲ್ಲೆಲ್ಲ ಮಾತು. ನಮ್ಮ ಮನೆಗೆ ಬರಲು ಘಾಟಿನಿಂದ ಎಷ್ಟು ಮೆಟ್ಟಿಲು ಹತ್ತಬೇಕೆಂದು ನನ್ನ ಮಂಡಿಗೆ ಗೊತ್ತು. ಇವರು ಅಲ್ಲಿ ಮನೆ ಮಾಡುತ್ತಿದ್ದಾರೆ, ಒಂದು ದಿನ ನನ್ನನ್ನು ಕುರ್ಚಿಯಲ್ಲಿ ಕೂರಿಸಿಕೊಂಡು ಹೊಳೆ ದಾಟಿಸುತ್ತಾರೆ ಎಂದು ಅಂದುಕೊಂಡೆ. ಅಂದುಕೊಂಡ ಮೇಲೆ ಪ್ರತಿಯೊಂದೂ ಅದಕ್ಕೇ ಸಾಕ್ಷಿಯಾಗಿ ಕಾಣತೊಡಗಿತು.

ಶನಿವಾರ ಸಂಜೆ ಅಸ್ಸಿ ಘಾಟಿನ ಕಡೆಯ ಒಬ್ಬಾತ ಬಂದು ಹೊಸ್ತಿಲಿನಲ್ಲೇ ನಿಲ್ಲುತ್ತಿದ್ದ. ಸಂಜೆಯಾದರೂ ಕಪ್ಪು ಕನ್ನಡಕ. ಕೈಯಲ್ಲಿ ಫೋನು ಹಿಡಿದು ನಿಮ್ಮ ಅಪ್ಪನಿಗೆ ಏನೋ ತೋರಿಸುತ್ತಿದ್ದ, ನಾಳೆ ಹನ್ನೊಂದರ ಮೇಲೆ ಬಂದರೆ ಸರಿ ಅನ್ನುತ್ತಿದ್ದ. ನನ್ನನ್ನು ಕಂಡ ಕೂಡಲೇ ಫೋನು ಜೇಬಿಗೆ ಹೋಗುತ್ತಿತ್ತು. ದಲ್ಲಾಳಿ ಎಂದು ತೀರ್ಮಾನಿಸಿದೆ. ಭಾನುವಾರ ನಿಮ್ಮ ಅಪ್ಪ ಹತ್ತಕ್ಕೆಲ್ಲ ಯಾತ್ರಿಕರ ಕೆಲಸ ಮುಗಿಸಿಬಿಡುತ್ತಿದ್ದ. ನಿಮ್ಮ ಅಮ್ಮ ತರಕಾರಿಗೆಂದು ಗೋದೌಲಿಯಾಕ್ಕೆ ಹೋಗಿ ಮೂರು ಗಂಟೆ ಕಳೆದು ಎರಡು ಬದನೆಕಾಯಿ ತರುತ್ತಿದ್ದಳು. ತಲೆಗೂದಲು ಒದ್ದೆ. ತುಂಬ ಬೆವರು ಅತ್ತೆ, ಗೆಳತಿ ಮನೆಯಲ್ಲಿ ತಲೆಗೆ ನೀರು ಹಾಕಿಕೊಂಡೆ ಅನ್ನುವಳು. ನಲ್ಲಿ ನೀರಿಗೂ ಗಂಗೆಗೂ ವಾಸನೆಯಲ್ಲಿ ವ್ಯತ್ಯಾಸವಿದೆ. ದೊಡ್ಡವಳೇ, ನಿನಗೆ ಭಾನುವಾರ ಮಾತ್ರ ಗಣಿತದ ಟ್ಯೂಷನ್. ಪುಸ್ತಕದ ಚೀಲ ಮಂಚದ ಕೆಳಗೇ ಇರುತ್ತಿತ್ತು.

ಒಂದು ಭಾನುವಾರ ಮಾಳಿಗೆ ಹತ್ತಿ ನೋಡಿದೆ. ನಿಮ್ಮ ಅಪ್ಪನ ಬಾಲ್ಯದ ಗೆಳೆಯ, ನಮ್ಮ ಯಾತ್ರಿಕರನ್ನು ನಡುಹೊಳೆಗೆ ಕರೆದೊಯ್ಯುವ ದೋಣಿಯವನು, ಒಂದು ಉದ್ದನೆಯ ಗಂಟನ್ನು ಬಟ್ಟೆಯಲ್ಲಿ ಸುತ್ತಿ ದೋಣಿಯಲ್ಲಿ ಮಲಗಿಸುತ್ತಿದ್ದ. ಬಾಗಿಲ ಚೌಕಟ್ಟು ಇರಬೇಕು ಎಂದುಕೊಂಡೆ. ಅಪ್ಪ, ಅಮ್ಮ, ದೊಡ್ಡವಳೇ ನೀನು, ಮೂವರೂ ಹತ್ತಿ ಕುಳಿತಿರಿ. ಚಿಕ್ಕವಳೇ, ನೀನು ನನ್ನ ಜೊತೆ ಮನೆಯಲ್ಲೇ ಇದ್ದೆ. ದೋಣಿ ನೆಟ್ಟಗೆ ಆಚೆ ಹೋಯಿತು. ಬಿಸಿಲ ಝಳದಲ್ಲಿ ಅಲ್ಲಿ ಒಂದು ಹಳದಿ ಬಣ್ಣದ್ದೇನೋ ಅಲುಗಾಡುವುದು ಕಂಡಿತು, ಶಾಮಿಯಾನದಂತೆ. ಗೃಹಪ್ರವೇಶಕ್ಕೆ ಶಾಮಿಯಾನವೂ ಬಂತೇ, ನನಗೊಂದು ಮಾತಿಲ್ಲದೆ?

ಅದಾದ ಮೇಲೆ ನಾನು ಮಾಡಿದ್ದನ್ನು ಮುಚ್ಚಿಡದೆ ಬರೆಯಬೇಕು. ಚೈತ್ರದಲ್ಲಿ ಒಂದು ಶನಿವಾರ ನಿಮ್ಮ ಅಮ್ಮ ಸ್ನಾನಕ್ಕೆ ಹೋದಾಗ, ಬಾಗಿಲ ಹಿಂದೆ ನೇತುಹಾಕಿದ್ದ ಅವಳ ಚೀಲಕ್ಕೆ ಕೈ ಹಾಕಿದೆ. ಪುಟ್ಟ ಬಟ್ಟೆಯ ಸಂಚಿಯಲ್ಲಿ ಅರ್ಧ ಬೆರಳುದ್ದದ ನಾಲ್ಕು ಸ್ಟೀಲ್ ಬೋಲ್ಟು, ಜೊತೆಗೆ ತುದಿ ಬಾಗಿದ ಕಪ್ಪು ಕೀಲಿ. ಬಾಗಿಲಿಗೆ ಚಿಲಕ ಕೂಡಿಸುವವರೆಗೆ ಬಂದಿದೆ ಕೆಲಸ ಎಂದುಕೊಂಡೆ. ಸಂಚಿಯನ್ನು ಹಾಗೆಯೇ ತೆಗೆದುಕೊಂಡು ಹೋಗಿ ದೇವರ ಪೆಟ್ಟಿಗೆಯಲ್ಲಿ, ಸಾಲಿಗ್ರಾಮದ ಬಟ್ಟಲಿನ ಹಿಂದೆ ಇಟ್ಟುಬಿಟ್ಟೆ. ನಮ್ಮ ಮನೆಯಲ್ಲಿ ಮಡಿಯುಟ್ಟವರ ಹೊರತು ಯಾರೂ ಆ ಪೆಟ್ಟಿಗೆ ಮುಟ್ಟುವಂತಿಲ್ಲ, ಹುಡುಕುವ ಮಾತಂತೂ ಇಲ್ಲ. ಒಂದು ಬಾಗಿಲಾದರೂ ಒಂದು ವಾರ ತಡವಾಗಲಿ ಎಂಬುದು ನನ್ನ ಲೆಕ್ಕ.

ಮಾರನೆಯ ದಿನ ಮನೆಯಲ್ಲಿ ಸದ್ದಿಲ್ಲದ ಹುಡುಕಾಟ ನಡೆಯಿತು. ಹಾಸಿಗೆ ಎತ್ತಿದರು, ಹಿಟ್ಟಿನ ಡಬ್ಬ ಸರಿಸಿದರು. ಏನು ಹುಡುಕುತ್ತಿದ್ದೇವೆಂದು ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ಬತ್ತಿ ಹೊಸೆಯುತ್ತಾ ಕುಳಿತಿದ್ದೆ. ಕೊನೆಗೆ ನಿಮ್ಮ ಅಪ್ಪ, ದೋಣಿಯವನ ಬಳಿ ಬೇರೆ ಇರುತ್ತೆ ಬಾ, ಎಂದು ಪಿಸುಗುಟ್ಟಿದ್ದು ಕೇಳಿಸಿತು. ಮೂವರೂ ಹೊರಟಿರಿ.

ಎಂದಿಗಿಂತ ಬೇಗ ಬಂದಿರಿ. ನಿಮ್ಮ ಅಮ್ಮನ ಬಲ ಅಂಗೈಗೆ ದಪ್ಪನೆಯ ಬಿಳಿ ಪಟ್ಟಿ, ಅದರ ನಡುವೆ ಕೆಂಪು ಒಸರಿತ್ತು. ಘಾಟಿನಲ್ಲಿ ಗಾಜು ತಾಗಿತಂತೆ. ನಾನು ನಂಬಲಿಲ್ಲ, ಆದರೂ ಅರಿಸಿನದ ಹಾಲು ಕಾಯಿಸಲು ಒಳಗೆ ಹೋದೆ. ದೊಡ್ಡವಳೇ, ನೀನು ನನ್ನ ಹಿಂದೆಯೇ ಬಂದು ಒಲೆಯ ಪಕ್ಕ ನಿಂತೆ.

"ಗಾಜಲ್ಲ ಅಜ್ಜಿ," ಅಂದೆ ನೀನು. "ಬೋಲ್ಟ್ ಖೋ ಗಯಾ ಥಾ, ಕಳೆದುಹೋಗಿತ್ತು. ನಾವೆಯ ಬೋಲ್ಟ್ ಹಾಕಿದ್ರು, ಛೋಟಾ ಪಡ್ ಗಯಾ. ಮೊದಲು ನನ್ನ ಬಾರಿ ಇತ್ತು. ಅಮ್ಮ ನಾನು ನೋಡ್ತೀನಿ ಅಂತ ಹತ್ತಿದಳು."

ಆಮೇಲೆ ಬಿಕ್ಕುತ್ತಾ ಒಂದೊಂದಾಗಿ ಹೇಳಿದೆ. ಹಲಗೆಯ ಮಾತು, ಅದರ ಕೆಳಗಿನ ಕಂಬದ ಮಾತು, ಕಂಬದ ತುದಿಯಲ್ಲಿ ಕತ್ತಿಯಂತೆ ಇರುವ ರೆಕ್ಕೆಯ ಮಾತು. ಕಂಬವನ್ನು ಹಲಗೆಗೆ ಹಿಡಿಸುವುದು ಆ ನಾಲ್ಕು ಬೋಲ್ಟು. ನಡುಹೊಳೆಯಲ್ಲಿ ಕಂಬ ಸಡಿಲಾಗಿ ವಾಲಿತು, ಅಮ್ಮ ಬಿದ್ದಳು, ಕೈ ಆ ರೆಕ್ಕೆಯ ಮೇಲೆ ಹೋಯಿತು. ನನಗೆ ಅರ್ಧ ತಿಳಿಯಲಿಲ್ಲ. ಮೊದಲು ನಿನ್ನ ಬಾರಿ ಇತ್ತು ಎಂಬುದಷ್ಟೇ ತಿಳಿಯಿತು.

ಹಾಲು ಉಕ್ಕಿತು. ನಾನು ಮಡಿಯಲ್ಲಿರಲಿಲ್ಲ, ಸ್ನಾನ ಮಾಡುವಷ್ಟು ಹೊತ್ತು ತಡೆಯಲೂ ಆಗಲಿಲ್ಲ. ಹಾಗೆಯೇ ಹೋಗಿ ದೇವರ ಪೆಟ್ಟಿಗೆ ತೆಗೆದೆ. ಈ ಮನೆಗೆ ಬಂದ ಮೇಲೆ ಹಾಗೆ ತೆಗೆದದ್ದು ಅದೊಂದೇ ಸಲ. ಸಂಚಿಯನ್ನು ತಂದು ನಿಮ್ಮ ಅಪ್ಪ ಅಮ್ಮನ ಮುಂದೆ, ಚಾಪೆಯ ಮೇಲೆ ಇಟ್ಟೆ. ನಿಮ್ಮ ಅಪ್ಪ ಬೋಲ್ಟುಗಳನ್ನು ನೋಡಿದ, ನನ್ನನ್ನು ನೋಡಿದ. ಜೀವನದಲ್ಲಿ ನೇರವಾಗಿ ಕೇಳಿದ ಪ್ರಶ್ನೆಗಳನ್ನು ನಾನು ಬೆರಳಲ್ಲಿ ಎಣಿಸಬಹುದು. ಅವತ್ತು ಒಂದು ಕೇಳಿದೆ.

"ನನ್ನನ್ನು ಆಚೆ ದಡಕ್ಕೆ ಸಾಗಿಸೋಕೆ ಮನೆ ಮಾಡಿದ್ದೀಯೇನಪ್ಪಾ?"

ಅವನು ತಲೆ ತಗ್ಗಿಸಿದ. ಇಲ್ಲ ಅನ್ನಲಿಲ್ಲ. ಉತ್ತರ ಕೊಟ್ಟವಳು ನಿಮ್ಮ ಅಮ್ಮ.

"ಮನೆ ನೋಡಿದ್ದು ನಿಜ ಅತ್ತೆ. ಹೋದ ಕಾರ್ತೀಕದಲ್ಲಿ. ನಿಮಗೆ ಮೆಟ್ಟಿಲು ಹತ್ತೋಕೆ ಆಗಲ್ಲ ಅಂತ ಇವರು ನನ್ನನ್ನೂ ಕರ್ಕೊಂಡು ಹೋಗಿ ತೋರಿಸಿದ್ರು. ಅತ್ತೆ ದಾಟಲ್ಲ, ನಾನು ದಾಟಿಸೋದೂ ಇಲ್ಲ ಅಂತ ಅಲ್ಲೇ ಹೇಳಿಬಿಟ್ಟೆ."

"ಹಾಗಾದ್ರೆ ಪ್ರತಿ ಭಾನುವಾರ?"

"ಅದೇ ದಿನ ವಾಪಸ್ ಬರೋವಾಗ ಮರಳಿನ ಹತ್ತಿರ ದೋಣಿಯವನು ಹೊಳೆ ಮೇಲೆ ಈ ಹಲಗೆ ಓಡಿಸ್ತಿದ್ದದ್ದನ್ನ ನೋಡಿದ್ದು ಅತ್ತೆ. ಇದನ್ನ ಹೇಳಿದ್ರೆ ಮನೆ ನೋಡಿದ್ದನ್ನೂ ಹೇಳಬೇಕಾಗ್ತಿತ್ತು."

ದೋಣಿಯವನು ಕೆಲವು ವರ್ಷ ಗೋವಾದ ಕಡಲಲ್ಲಿ ಕೆಲಸ ಮಾಡಿ ಮರಳಿದ್ದ. ಬರುವಾಗ ಹಳೆಯ ಹಲಗೆಗಳನ್ನೂ, ಅದರ ಮೇಲೆ ನಿಂತು ಕೈಯಲ್ಲಿ ಹಿಡಿಯುವ, ಗಾಳಿ ತುಂಬುವ ಬಟ್ಟೆಯ ರೆಕ್ಕೆಯನ್ನೂ ತಂದಿದ್ದನಂತೆ. ಕಪ್ಪು ಕನ್ನಡಕದವನು ಕಾಲೇಜಿನ ಪ್ರಯೋಗಾಲಯದಲ್ಲಿ ಕೆಲಸ ಮಾಡುವವನು. ಅವನು ಫೋನಿನಲ್ಲಿ ತೋರಿಸುತ್ತಿದ್ದದ್ದು ನಾಳೆಯ ಗಾಳಿ. ಪಂಡಿತರ ಮನೆಯ ಸೊಸೆ ರಬ್ಬರಿನ ಅಂಗಿ ತೊಟ್ಟು ಹೊಳೆಯ ಮೇಲೆ ನಿಲ್ಲುವುದನ್ನು ಯಾತ್ರಿಕರು ಕಂಡರೆ ಎಂಬ ಅಳುಕು ನಿಮ್ಮ ಅಪ್ಪನಿಗೂ ಇತ್ತು. ಅಷ್ಟೂ ಕೇಳಿದೆ. ಬಹುಪಾಲು ನಂಬಿದೆ. ಪೂರ್ತಿ ನಂಬಬೇಕಾದರೆ ಕಣ್ಣಾರೆ ನೋಡಬೇಕು ಎಂದೆ.

ನಿಮ್ಮ ಅಮ್ಮನ ಕೈ ಮಾಗಿದ ಮೇಲೆ ಒಂದು ಭಾನುವಾರ ನನ್ನನ್ನೂ ದೋಣಿಗೆ ಹತ್ತಿಸಿದರು. ನಡುಹೊಳೆಯಲ್ಲಿ ಲಂಗರು ಹಾಕಬೇಕು, ಅಲ್ಲಿಂದ ಒಂದು ಮಾರು ಮುಂದೆ ಹೋಗಬಾರದು ಎಂಬುದು ನನ್ನ ಷರತ್ತು. ದೋಣಿಯವನು ಹಗ್ಗ ಬಿಟ್ಟ ಮೇಲೆ ನಾನೂ ಒಮ್ಮೆ ಜಗ್ಗಿ ನೋಡಿದೆ. ಘಾಟಿನ ಕಡೆ ತಿರುಗಿ ಕೇದಾರೇಶ್ವರನ ಗುಡಿಯ ಕೆಂಪು ಬಿಳಿ ಪಟ್ಟೆ ಎಷ್ಟು ದೊಡ್ಡದಾಗಿ ಕಾಣುತ್ತದೆ ಎಂದು ಗುರುತಿಟ್ಟುಕೊಂಡೆ. ಪಟ್ಟೆ ಸಣ್ಣದಾದರೆ ದೋಣಿ ಆಚೆ ಸರಿದಿದೆ ಎಂದು ಅರ್ಥ.

"ನಾವೆ ಎಲ್ಲೂ ಹೋಗಲ್ಲ ಅಮ್ಮಾಜಿ," ಎಂದ ದೋಣಿಯವನು. ನಮ್ಮ ಯಾತ್ರಿಕರ ಜೊತೆ ಒಡನಾಡಿ ಅವನಿಗೆ ನಿಮಗಿಂತ ಚೆನ್ನಾಗಿ ಕನ್ನಡ ಬರುತ್ತದೆ. "ನೀವು ಹೀಗೆ ಎಳೀತಾ ಇದ್ರೆ ಲಂಗರೇ ಕಿತ್ತು ಬರುತ್ತೆ."

ಹನ್ನೊಂದರ ಮೇಲೆ ಪಡುವಣ ಗಾಳಿ ಬಿತ್ತು. ಇಲ್ಲಿಯವರು ಅದಕ್ಕೆ ಪಛುವಾ ಅನ್ನುತ್ತಾರೆ. ಘಾಟಿನ ಎತ್ತರದ ಕಟ್ಟಡಗಳು ತಡೆಯುವುದರಿಂದ ನಮ್ಮ ಮೆಟ್ಟಿಲಿಗೆ ಅದು ತಾಗುವುದಿಲ್ಲ, ನಡುಹೊಳೆಗೆ ಬಂದರೆ ಸೆರಗು ನಿಲ್ಲುವುದಿಲ್ಲ. ಅದಕ್ಕೇ ಇವರು ಆಚೆ ಹೋಗಬೇಕಾಗಿತ್ತು ಎಂದು ಆಗ ಹೊಳೆಯಿತು. ಬೇರೆ ದೋಣಿಯಲ್ಲಿ ಮೊದಲೇ ದಾಟಿದ್ದ ನಿಮ್ಮ ಅಮ್ಮ ಆಚೆಯ ಮರಳಿನಿಂದ ಇಳಿದು ಎದೆಮಟ್ಟದ ನೀರಿನಲ್ಲಿ ಹಲಗೆಯ ಮೇಲೆ ಮೊದಲು ಮಂಡಿಯೂರಿದಳು, ಆಮೇಲೆ ಎದ್ದು ನಿಂತಳು. ನಾನು ಶಾಮಿಯಾನ ಎಂದುಕೊಂಡಿದ್ದ ಹಳದಿ ರೆಕ್ಕೆಯನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು. ಸ್ವಲ್ಪ ದೂರ ಹಲಗೆ ನೀರನ್ನು ಚಪಚಪ ಬಡಿಯುತ್ತಾ ಬಂತು. ಆಮೇಲೆ ಆ ಸದ್ದು ನಿಂತುಹೋಯಿತು. ಹಲಗೆ ನೀರು ಬಿಟ್ಟು ಒಂದು ಮೊಳ ಮೇಲೆ ಬಂದಿತ್ತು.

ಇದರಲ್ಲೇನೋ ಮೋಸವಿದೆ ಎಂದೆ. ಕೆಳಗೆ ಮೋಟಾರು ಬಚ್ಚಿಟ್ಟಿರಬೇಕು. ದೋಣಿಯವನು ನಗುತ್ತಾ ಇನ್ನೊಂದು ಹಲಗೆಯನ್ನು ಬೋರಲು ಹಾಕಿ ತೋರಿಸಿದ. ಕೆಳಗೆ ಕಂಬ, ಅದರ ತುದಿಯಲ್ಲಿ ಪುಟ್ಟ ವಿಮಾನದಂಥದ್ದು. ಫಾಯಿಲ್ ಅನ್ನುತ್ತಾರಂತೆ. ಓಡುವಾಗ ನೀರೇ ಅದನ್ನು ಎತ್ತುತ್ತದೆ, ಗಾಳಿಯಿಲ್ಲದ ದಿನ ಮೋಟಾರು ದೋಣಿಯ ಹಿಂದೆ ಏಳುವ ಅಲೆಯೇ ಸಾಕು, ಬಟ್ಟೆಯ ರೆಕ್ಕೆಯೂ ಬೇಡ ಎಂದ. ನಾನು ಬೆರಳಿನಿಂದ ಅಂಚು ಮುಟ್ಟಿ ನೋಡಿದೆ. ನಿಮ್ಮ ಅಮ್ಮನ ಅಂಗೈ ನೆನಪಾಗಿ ಬೆರಳು ಹಿಂದಕ್ಕೆ ಬಂತು.

ಅವಳು ನಮ್ಮ ದೋಣಿಯವರೆಗೆ ಬಂದು, ಅದನ್ನು ಸುತ್ತುಹಾಕಿ ಆಚೆ ಹೊರಟಳು. ತಿರುಗುವಾಗ ನನ್ನ ಮುಖಕ್ಕೆ ನೀರು ಸಿಡಿಯಿತು.

ಈಗ ಪ್ರತಿ ಭಾನುವಾರ ಹೀಗೆಯೇ. ಎಲ್ಲರೂ ತಿರುಗುವುದು ನಾನು ಕುಳಿತ ದೋಣಿಯನ್ನು ಸುತ್ತಿಯೇ. ಅಸ್ಸಿಯಾತ ತಿರುಗಲು ಹೋಗಿ ಪ್ರತಿ ಸಲ ನನ್ನ ಮುಂದೆಯೇ ಬೀಳುತ್ತಾನೆ, ಮೇಲೆದ್ದು ಮೊದಲು ಕನ್ನಡಕ ತಡಕಿ ಆಮೇಲೆ ನನಗೆ ಕೈ ಮುಗಿಯುತ್ತಾನೆ. ಹೋದ ವಾರ, ದೊಡ್ಡವಳೇ, ನೀನೂ ಎದ್ದು ನಿಂತೆ. ಎಷ್ಟು ಹೊತ್ತು ನಿಂತೆ ಎಂದು ನೋಡಲಾಗಲಿಲ್ಲ, ನಾನು ಗುಡಿಯ ಪಟ್ಟೆ ನೋಡುತ್ತಿದ್ದೆ. ದೋಣಿ ಸ್ವಲ್ಪ ಸರಿದಂತಿತ್ತು.

ಮನೆಯ ವಿಷಯ ನಿಮ್ಮ ಅಪ್ಪ ಆಮೇಲೆ ಎತ್ತಿಲ್ಲ. ಎತ್ತಿಲ್ಲವೆಂದರೆ ಬಿಟ್ಟಿದ್ದಾನೆ ಎಂದು ನಾನು ಅಂದುಕೊಳ್ಳುವುದಿಲ್ಲ. ಆದ್ದರಿಂದ ನಿಮ್ಮ ಅಮ್ಮನೇ ಒಂದು ಏರ್ಪಾಡು ಮಾಡಿದಳು. ಬೋಲ್ಟಿನ ಸಂಚಿ ದೇವರ ಪೆಟ್ಟಿಗೆಯಲ್ಲೇ ಇರಲಿ ಅತ್ತೆ, ನೀವೇ ಕೊಡಿ, ಎಂದಳು. ಭಾನುವಾರ ಪೂಜೆ ಮುಗಿದ ಮೇಲೆ ಬಂದು ಅಂಗೈ ಚಾಚುತ್ತಾಳೆ. ಗಾಯದ ಗೆರೆ ಇನ್ನೂ ಕೆಂಪಗಿದೆ. ಅದರ ಮೇಲೆ ನಾಲ್ಕನ್ನೂ ಒಂದೊಂದಾಗಿ ಇಡುತ್ತೇನೆ, ಸಂಜೆ ವಾಪಸ್ ಇಸಕೊಳ್ಳುತ್ತೇನೆ. ನನ್ನ ಕೈಯಿಂದ ಬೋಲ್ಟು ಹೋಗದೆ ಈ ಮನೆಯಿಂದ ಯಾರೂ ಹೊಳೆ ದಾಟುವುದಿಲ್ಲ.

ಮೊನ್ನೆ ಸಂಜೆ ಮೂರೇ ತಂದಳು. ಇನ್ನೊಂದು ಎಲ್ಲಿ, ಯಾವ ಬಾಗಿಲಿಗೆ ಹಾಕಿದೆ ಎಂದು ಕೇಳಿದೆ. ಹೌದು, ಈಗ ಕೇಳುತ್ತೇನೆ. ಅವಳು ನಿಮ್ಮ ಅಪ್ಪನ ಪ್ಯಾಂಟು ತಂದು ನನ್ನ ಕೈಗಿತ್ತಳು. ಜೇಬು ತಿರುವಿದೆ. ಮರಳಿನ ಜೊತೆ ಅದೂ ಟಣ್ಣೆಂದು ಬಚ್ಚಲ ಕಲ್ಲಿನ ಮೇಲೆ ಬಿತ್ತು.